ಟೀಯಲ್ಲಿ ಅದ್ದಿದ ಬಿಳಿ ಸೀರೆ

ಫ್ರಿಸ್ಕೋದ ನಮ್ಮ ಕನ್ನಡ ಸಂಘದಲ್ಲಿ ಯಾರು ನಾಟಕ ಆಡಿದರೂ ಸೀರೆ, ಪಂಚೆ, ಪೇಟ ಎಲ್ಲ ನನ್ನ ಕೈ ದಾಟಿಯೇ ಹೋಗಬೇಕಿತ್ತು. ಎಂಟು ವರ್ಷ ಆ ಪಟ್ಟ ನನ್ನದೇ. ನನ್ನ ಹದಿನಾರರ ಮಗಳು ಮಾತ್ರ ಒಂದು ದಿನವೂ ಸೂಜಿಗೆ ದಾರ ಪೋಣಿಸಿ ಕೊಟ್ಟವಳಲ್ಲ. ಕರೆದರೆ ಹೋಮ್‌ವರ್ಕ್ ಇದೆ ಅನ್ನುತ್ತಿದ್ದಳು.

ಕಳೆದ ರಾಜ್ಯೋತ್ಸವಕ್ಕೆ ಹಳೇ ಹಾಲಿವುಡ್ ಧಾಟಿಯಲ್ಲೊಂದು ಕಪ್ಪು ಬಿಳುಪು ಕಿರುಚಿತ್ರ ಮಾಡುವುದೆಂದಾಯಿತು. ನಾಯಕಿ ನನ್ನ ಮಗಳು. ಬಟ್ಟೆಯ ಉಸ್ತುವಾರಿಗೆ ಆಸ್ಟಿನ್‌ನಲ್ಲಿ ವಸ್ತ್ರವಿನ್ಯಾಸ ಓದುತ್ತಿದ್ದ ಧಾರವಾಡದ ಹುಡುಗಿಯನ್ನು ಕರೆಸಿದರು. ನನ್ನನ್ನು ಒಂದು ಮಾತೂ ಕೇಳಲಿಲ್ಲ. ಅವಳು ಉಳಿದದ್ದು ನಮ್ಮ ಮನೆಯಲ್ಲೇ. ಅಕ್ಕಿರೊಟ್ಟಿ ತಟ್ಟಿ ಹಾಕಿದವಳೂ ನಾನೇ.

ತಿಂದು ಕೈ ತೊಳೆದವಳೇ, ನಾನು ಮಗಳ ಪಾತ್ರಕ್ಕೆಂದು ತೆಗೆದಿಟ್ಟಿದ್ದ ನನ್ನ ಮದುವೆ ಸೀರೆಯನ್ನು ಫೋನಿನಲ್ಲಿ ಕಪ್ಪು ಬಿಳುಪಾಗಿ ಹಿಡಿದು ತೋರಿಸಿದಳು. ಕೆಂಪು ಮೈ, ಹಸಿರು ಅಂಚು, ಎರಡೂ ಒಂದೇ ಬೂದು. ಹಾಲಿವುಡ್ಡಿನವರು ಆಗ ಕಣ್ಣಿಗೆ ಚೆಂದ ಕಂಡ ಬಣ್ಣವನ್ನಲ್ಲ, ತೆರೆಯ ಮೇಲೆ ಬೇಕಾದ ಬೂದು ಕೊಡುವ ಬಣ್ಣವನ್ನು ಆರಿಸುತ್ತಿದ್ದರಂತೆ. ಮಗಳು ಬಾಯಿ ಬಿಟ್ಟುಕೊಂಡು ಕೇಳಿದಳು. ಮರುದಿನ ಇಬ್ಬರೂ ನಾಲ್ಕು ಗಂಟೆ ದೂರದ ಹ್ಯೂಸ್ಟನ್‌ವರೆಗೆ ಡ್ರೈವ್ ಮಾಡಿ ಬಿಳಿ ಹತ್ತಿ ಸೀರೆ ತಂದರು. ನನ್ನ ಜೊತೆ ಹತ್ತು ನಿಮಿಷದ ದಾರಿಗೂ ಬಾರದವಳು! ಹೊಟ್ಟೆ ಉರಿದುಹೋಯಿತು, ಸುಳ್ಳೇಕೆ ಹೇಳಲಿ.

ಆ ಸೀರೆಯನ್ನು ಹುಡುಗಿ ನನ್ನದೇ ಪಾತ್ರೆಯಲ್ಲಿ ಟೀ ಡಿಕಾಕ್ಷನ್ ಕಾಯಿಸಿ ಅದ್ದಿದಳು. ಹಾಲಿವುಡ್ಡಿನವರೂ ಹೀಗೇ ಮಾಡುತ್ತಿದ್ದರಂತೆ.

"ಅಚ್ಚ ಬಿಳೀದು ಉಟ್ರ ಲೈಟಿನಾಗ ಬರೇ ಸೀರಿ ಕಾಣ್ತದ್ರಿ ಆಂಟಿ, ಮುಖ ಕಾಣಂಗಿಲ್ಲ."

ಶೂಟಿಂಗ್ ದಿನ ಬೆಳಿಗ್ಗೆ ಲೈಟು ಜೋಡಿಸಲು ಇಬ್ಬರೂ ಪಕ್ಕದೂರು ಪ್ರಾಸ್ಪರ್‌ನ ಬಾಡಿಗೆ ಹಾಲ್‌ಗೆ ಮೊದಲೇ ಹೋದರು. ಸೀರೆ ತರುವುದು ನನ್ನ ಪಾಲಿಗೆ ಬಂತು. ಕಲೆಯಾದ ಸೀರೆಯನ್ನು ನನ್ನ ಮಗಳು ಉಡುವುದೇ ಎಂದು ನನಗೆ ನಾನೇ ನೆಪ ಹೇಳಿಕೊಂಡೆ. ಬ್ಲೀಚ್ ಹಾಕಿ ಒಗೆದೆ. ಬಿಳಿ ಬಟ್ಟೆ ಇನ್ನಷ್ಟು ಬೆಳ್ಳಗಾಗಲೆಂದು ಊರಿಂದ ತಂದಿಟ್ಟಿದ್ದ ನೀಲಿಯಲ್ಲಿ ಎರಡು ಸಲ ಅದ್ದಿ, ಡ್ರೈಯರ್‌ಗೆ ಹಾಕಿ, ಇಸ್ತ್ರಿ ಮಾಡಿ ಒಯ್ದೆ. ಒಳಕೋಣೆಯಲ್ಲಿ ನಾನೇ ಉಡಿಸಿದೆ.

ಮಗಳು ಹೊರಗೆ ಬಂದಾಗ ಆ ಹುಡುಗಿ ಸೀರೆ ನೋಡಿದಳು, ಆಮೇಲೆ ನನ್ನ ಕೈ ನೋಡಿದಳು. ಹಾಲ್ ನಾಲ್ಕಕ್ಕೆ ಬಿಡಬೇಕಿದ್ದರಿಂದ ಹಾಗೇ ಶೂಟ್ ಆಯಿತು. ಪರದೆಯಲ್ಲಿ ಸೀರೆ ಧಗಧಗ ಹೊಳೆಯಿತು. ನನ್ನ ಮಗಳ ಮುಖ ಮಸಿಯಂತಿತ್ತು. ಎಲ್ಲರೂ ಆ ಹುಡುಗಿಯ ಕಡೆ ತಿರುಗಿದರು. ಡಿಕಾಕ್ಷನ್ ಕಮ್ಮಿಯಾಯಿತು, ತಪ್ಪು ತನ್ನದೇ ಎಂದುಬಿಟ್ಟಳು. ಮಗಳು ಓಡಿಹೋಗಿ ಅವಳನ್ನು ತಬ್ಬಿಕೊಂಡಳು. ನಾನು ಪಿನ್ನಿನ ಡಬ್ಬಿ ಹಿಡಿದುಕೊಂಡು ನಿಂತಿದ್ದೆ.

ಮುಂದಿನ ಶನಿವಾರ ಮತ್ತೆ ಶೂಟ್ ಎಂದಾಯಿತು. ಹುಡುಗಿ ಆಸ್ಟಿನ್‌ಗೆ ಹೋಗಿದ್ದಳು. ಒಲೆಯ ಮೇಲೆ ದೊಡ್ಡ ಪಾತ್ರೆಯಿಟ್ಟು ಟೀ ಪುಡಿ ಸುರಿದೆ. ಮಗಳು ಬಂದು ಪಕ್ಕದಲ್ಲಿ ನಿಂತಳು.

"ಒಗೆದು ನೀಲಿ ಹಾಕಿದ್ದು ನಾನು ಕಣೇ."

"ಐ ನೋ, ಅಮ್ಮ. ನಿನ್ನ ನೇಲ್ಸ್ ಎಲ್ಲಾ ಬ್ಲೂ ಇತ್ತು." ಸೌಟು ತೆಗೆದುಕೊಂಡು ಸೀರೆಯನ್ನು ಒಳಗೆ ಒತ್ತಿದಳು. "ಅಕ್ಕಂಗೂ ಗೊತ್ತಿತ್ತು. ನಮ್ಗೆ ಗೊತ್ತು ಅಂತ ಅಮ್ಮಂಗೆ ಡೋಂಟ್ ಟೆಲ್ ಅಂದ್ಲು."

ಎಂಟು ವರ್ಷದಲ್ಲಿ ಮೊದಲ ಸಲ ಮಗಳು ನನ್ನ ಕೆಲಸಕ್ಕೆ ಕೈ ಹಾಕಿದ್ದಳು. ನನಗೆ ಸಂತೋಷವಾಗಬೇಕಿತ್ತು. ಆದರೆ ಅವರಿಬ್ಬರ ನಡುವೆ ಒಂದು ಗುಟ್ಟಿತ್ತಲ್ಲ, ಅದಕ್ಕೇ ಹೊಟ್ಟೆ ಉರಿಯುತ್ತಿತ್ತು.