ಬಿಸಿಲೊಲೆಯ ಬಾಯಾರು

ಎಂಬತ್ತರ ದಶಕದಲ್ಲಿ ನಮ್ಮ ಶಲವಡಿಗೆ ಒಬ್ಬ ಗ್ರಾಮಸೇವಕಿ ಬರುತ್ತಿದ್ದರು. ಊರಿಗೆಲ್ಲ ಅವರು ಬಾಯಾರು. ಸೆರಗಿನಿಂದ ಹಣೆಗೆ ನೆರಳು ಮಾಡಿಕೊಂಡು, "ಬಿಸಿಲು ಯಾರಪ್ಪಂದೂ ಅಲ್ರಿ" ಅನ್ನುವುದೇ ಅವರ ಮಾತು. ಒಲೆಯ ಹೊಗೆಗೆ ಕಣ್ಣು ಕೆಡಿಸಿಕೊಂಡಿದ್ದ ನಮ್ಮವ್ವನಿಗೆ ಸರ್ಕಾರದ ಸೋಲಾರ್ ಕುಕ್ಕರ್ ತಂದುಕೊಟ್ಟು, ಅಂಗಳದಲ್ಲಿ ಅನ್ನ ಮಾಡುವುದನ್ನು ಕಲಿಸಿದರು. ತಾಲೂಕು ಕಚೇರಿಯ ಸಾಹೇಬರು ಬಂದು ನೋಡಿ ಒಪ್ಪಿದರೆ ಅದು ನಮ್ಮಲ್ಲೇ ಉಳಿಯುತ್ತಿತ್ತು.

ಸಾಹೇಬರು ಬರುವ ದಿನ ಅವ್ವ ಅದರ ಕಪ್ಪು ಪಾತ್ರೆಗಳನ್ನು ಬೂದಿ ಹಾಕಿ ತಿಕ್ಕಿ ಫಳಫಳ ಮಾಡಿಬಿಟ್ಟಳು. ಬಿಸಿಲು ಹೀರುವುದೇ ಆ ಕಪ್ಪು ಬಣ್ಣ. ಮಧ್ಯಾಹ್ನವಾದರೂ ಅಕ್ಕಿ ಬೇಯಲಿಲ್ಲ.

"ಕರೀ ಪಾತ್ರಿ ಮಂದಿ ಮುಂದ ಹೆಂಗ ಇಡೂದ್ರಿ ಬಾಯಾರ?" ಅವ್ವ ಪಿಸುಗುಟ್ಟಿದಳು.

ಸಾಹೇಬ ನಕ್ಕ. "ಇದರಾಗ ಹಪ್ಪಳ ಒಣಗಸ್ರಿ. ಈ ಹೆಂಗಸರಿಗೆ ಬುದ್ಧಿ ಇಲ್ಲಂತ ಬರಕೋತೇನಿ."

"ಕಲಿಸಿದಾಕಿಗೆ ಬುದ್ಧಿ ಇಲ್ಲಂತ ಬರಕೋರಿ," ಎಂದರು ಬಾಯಾರು.

ಹಾಗೇ ಬರೆದುಕೊಂಡ! ಕುಕ್ಕರ್ ಜೀಪು ಹತ್ತಿತು. ಅವ್ವ ಮತ್ತೆ ಹತ್ತಿಕಟ್ಟಿಗೆಯ ಹೊಗೆಯಲ್ಲಿ ಕೂತಳು. ಒಂದಿಷ್ಟು ಕಪ್ಪು ಬಣ್ಣ ಬಳಿದಿದ್ದರೆ ಸಾಕಿತ್ತು. ಯಾಕೆ ಬೇಯಲಿಲ್ಲ ಎಂದು ಒಂದು ಮಾತೂ ಕೇಳದ ಆ ಮನುಷ್ಯನಿಗೆ ಅವ್ವ ಚಹಾ ಬೇರೆ ಮಾಡಿಕೊಟ್ಟಿದ್ದಳು, ಅದೇ ಒಲೆ ಊದಿ, ಕಣ್ಣೊರೆಸಿಕೊಳ್ಳುತ್ತ.