ಬಲಕ್ಕೆ ತಿರುಗಿದ ಮೀನುಗಳು

ಇಂದಿರಾನಗರದ ಹಳೇ ಬಂಗಲೆಯೊಂದರಲ್ಲಿ ಕೆರೆಗಳ ಬಗ್ಗೆ ಪುಟ್ಟ ಮ್ಯೂಸಿಯಂ ಮಾಡುತ್ತಿದ್ದೆವು. ಮುಂದಾಳತ್ವ ನನ್ನದು. ಯಾರಿಗೂ ಜೋರು ಮಾಡಿ ಗೊತ್ತಿಲ್ಲದ ನಾನು ಸುಲಭದ ದಾರಿ ಹಿಡಿದಿದ್ದೆ. ಮೀನಿನ ವಿಜ್ಞಾನಿ ಮೇಡಂ ಹೇಳಿದ್ದನ್ನು ಬರೆದುಕೊಂಡು, ಅವರು ಕಳಿಸಿದ ಫೋಟೊಗಳ ಜೊತೆ ಶಿವಾಜಿನಗರದ ಬೋರ್ಡ್ ಪೇಂಟರ್ ಚಾಚಾಗೆ ತಲುಪಿಸುವುದು. ಚಾಚಾ ಕೇಳಿದ್ದನ್ನು ಮೇಡಂಗೆ ಫೋನಿನಲ್ಲಿ ಹೇಳುವುದು. ಇಬ್ಬರಿಗೂ ಮೂಗಿನ ತುದಿಯಲ್ಲೇ ಕೋಪ. ಎದುರುಬದುರಾದರೆ ಜಗಳ ಗ್ಯಾರಂಟಿ ಅಂದುಕೊಂಡಿದ್ದೆ.

ಹಲಸೂರು ಕೆರೆಯ ಹನ್ನೊಂದು ಬಗೆಯ ಮೀನು ಗೋಡೆಯ ಮೇಲೆ ಮೂಡಿದ ದಿನ ಮೇಡಂಗೆ ಫೋಟೊ ಕಳಿಸಿದೆ. ತಕ್ಷಣ ಫೋನ್ ಬಂತು.

"ಏನ್ರೀ ಇದು, ಎಲ್ಲ ಬಲಕ್ಕೆ ತಿರುಗಿವೆ! ನಮ್ಮ ಶಾಸ್ತ್ರದಲ್ಲಿ ಮೀನಿನ ಚಿತ್ರ ಅಂದ್ರೆ ತಲೆ ಎಡಕ್ಕಿರ್ಬೇಕು. ಸುಣ್ಣ ಹೊಡೆಸಿ, ಇಲ್ಲಾಂದ್ರೆ ನನ್ನ ಹೆಸರು ತೆಗೆದ್ಬಿಡಿ."

ಸುಣ್ಣ ಹೊಡೆದರೆ ಚಾಚಾನ ಮೂರು ವಾರದ ಕೆಲಸ ಮಣ್ಣುಪಾಲು. ಆದರೂ ಹೆದರಿ ಸುಣ್ಣದ ಬಕೆಟ್ ತರಿಸಿಬಿಟ್ಟೆ. ಚಾಚಾಗೆ ಹೇಳಲು ಮಾತ್ರ ಬಾಯಿ ಬರಲಿಲ್ಲ.

ಮರುದಿನ ಬೆಳಿಗ್ಗೆ ಮೇಡಂ ಪ್ರದರ್ಶನಕ್ಕಿಡುವ ಮೀನಿನ ಜಾಡಿಗಳನ್ನು ಹೊತ್ತು ತಾವೇ ಬಂದರು. ಚಾಚಾ ಇನ್ನೂ ಒಂದು ಬಾಲ ತಿದ್ದುತ್ತಿದ್ದರು. ಮೇಡಂ ನೇರ ಅವರ ಹತ್ತಿರ ಹೋಗಿ ಕೇಳಿದರು:

"ಯಾಕೆ ಈ ಕಡೆ ತಿರುಗಿಸಿದ್ರಿ?"

"ಬಾಗಿಲು ಈ ಕಡೆ ಐತಲ್ಲ ಮೇಡಂ. ಅಂಗಡಿ ಬೋರ್ಡಲ್ಲಿ ಕೋಳಿ ಆಗ್ಲಿ ಮೀನಾಗ್ಲಿ, ಮುಖ ಬಾಗಿಲ ಕಡೆನೇ ಇರ್ಬೇಕು. ಇಲ್ಲಾಂದ್ರೆ ಬರ್ಕತ್ ಇರಲ್ಲ, ವ್ಯಾಪಾರ ಏಳಿಗೆ ಆಗಲ್ಲ."

ಮೇಡಂ ಗೋಡೆಗೆ ಮೂಗು ತಾಗುವಷ್ಟು ಹತ್ತಿರ ಹೋದರು. ಕೊರವ ಮೀನಿನ ಮೇಲೆ ಬೆರಳಾಡಿಸುತ್ತಾ ಒಂದೊಂದು ಮಚ್ಚೆಯನ್ನೂ ಪರೀಕ್ಷಿಸಿದರು.

"ನಾನು ಕಳಿಸಿದ್ದು ಎಡಮಗ್ಗುಲಿನ ಫೋಟೊ. ಇದು ನಿಜವಾದ ಬಲಮಗ್ಗುಲು. ಇದನ್ನೆಲ್ಲಿ ನೋಡಿದ್ರಿ?"

"ಫೋಟೊನೇ ತಿರುವಿ ಬರೆದ್ರೆ ಸುಳ್ಳಾಗುತ್ತೆ. ಮಾರ್ಕೆಟ್‌ಗೆ ಹೋಗಿ ಒಂದೊಂದೇ ಮಗುಚಿ ನೋಡ್ದೆ."

ಮೇಡಂ ಚೀಲದಿಂದ ಒಂದು ಜಾಡಿ ತೆಗೆದು ನಮ್ಮ ಕಡೆ ತಿರುಗಿಸಿದರು. ಮೀನಿನ ಬಲಮಗ್ಗುಲನ್ನು ಕೊಯ್ದು ತೆಗೆದಿದ್ದರು.

"ಪರೀಕ್ಷೆಗೆ ಮಾಂಸ ತೆಗೆಯೋದು ಬಲಗಡೆಯಿಂದ. ಚಿತ್ರಕ್ಕೆ ಅಂತ ಎಡಗಡೆ ಉಳಿಸ್ಕೋತೀವಿ. ನನ್ನ ಹತ್ರ ಇರೋ ಒಂದು ಮೀನಿಗೂ ಬಲಗಡೆ ನೆಟ್ಟಗಿಲ್ಲ."

ಚಾಚಾ ಜಾಡಿಯನ್ನು ಎರಡೂ ಕೈಯಲ್ಲಿ ಹಿಡಿದು "ಅಯ್ಯೋ ಪಾಪ" ಅಂದರು. ಮೇಡಂ ಸ್ಟೂಲ್ ಎಳೆದುಕೊಂಡು ಕೂತು, ಯಾವ ಅಂಗಡಿ, ಎಷ್ಟು ಗಂಟೆಗೆ ಹೋದರೆ ತಾಜಾ ಸಿಗುತ್ತದೆ ಎಂದೆಲ್ಲ ವಿಚಾರಿಸತೊಡಗಿದರು. ನಾನೊಬ್ಬಳು ಅಲ್ಲಿರುವುದೇ ಇಬ್ಬರಿಗೂ ಮರೆತುಹೋಗಿತ್ತು.

ಆಮೇಲೆ ಚಾಚಾನ ಕಣ್ಣು ಬಕೆಟ್ಟಿನ ಮೇಲೆ ಬಿತ್ತು.

"ಸುಣ್ಣ ಯಾಕೆ ಬೇಟಿ? ಗೋಡೆ ಮುಗೀತಲ್ಲ?"

ನಾನು ತಡವರಿಸುವಷ್ಟರಲ್ಲಿ ಮೇಡಂ ಹೇಳಿದರು: "ಎದುರಿನ ಗೋಡೆಗೆ. ಅಲ್ಲಿ ಬಾಗಿಲು ಎಡಕ್ಕೆ ಬರುತ್ತೆ ನೋಡಿ. ಅಲ್ಲಿ ಎಡಗಡೆ ಬರೀರಿ. ಈ ಸಲ ನಾನೇ ಪಕ್ಕದಲ್ಲಿ ನಿಂತು ಹೇಳ್ತೀನಿ."

ಚಾಚಾಗೆ ನೋವಾಗದಿರಲಿ, ನನ್ನ ಮರ್ಯಾದೆ ಉಳಿಯಲಿ ಎಂದು ಹೇಳಿದ ಸುಳ್ಳು ಅದು ಎಂದು ನನಗೆ ಗೊತ್ತಾಯಿತು. ನಾಚಿಕೆಯಿಂದ ತಲೆ ತಗ್ಗಿಸಿದೆ. ಸುಣ್ಣ ತರಿಸುವ ಅಧಿಕಾರ ಚಲಾಯಿಸಿದ್ದ ನನಗೆ, ಇಬ್ಬರನ್ನೂ ಒಂದು ಗೋಡೆಯ ಮುಂದೆ ನಿಲ್ಲಿಸುವ ಧೈರ್ಯ ಬಂದಿರಲಿಲ್ಲ.