ಹಾಕದ ಬಾಗಿಲು

ನಮ್ಮ ಮನೆಯ ಫ್ರಿಜ್ಜಿನ ಹಿಂದೆ ಒಂದು ಬಾಗಿಲಿದೆ. ಅದನ್ನು ತೆರೆದರೆ ಎಲ್ಲಿಗೂ ಹೋಗುವಂತಿಲ್ಲ, ಮುಚ್ಚಿದರೆ ಯಾವುದನ್ನೂ ಮರೆಮಾಡುವಂತಿಲ್ಲ. ಕೆನೆಬಣ್ಣದ ಮೈಕಾ ಹೊದ್ದು, ಹೊಳೆಯುವ ಸ್ಟೀಲಿನ ಹಿಡಿಯೊಂದನ್ನು ಎದೆಗೆ ಸಿಕ್ಕಿಸಿಕೊಂಡು, ಸುಮ್ಮನೆ ಗೋಡೆಗೊರಗಿ ನಿಂತಿದೆ. ಗುಡಿಸುವಾಗ ಪೊರಕೆ ತಗುಲಿದರೆ ಟಕ್ ಎನ್ನುತ್ತದೆ. ಆ ಸದ್ದು ಕೇಳಿದಾಗಲೆಲ್ಲ ನನಗೆ ರೇಗುತ್ತದೆ. ಯಾಕೆಂದು ಹೇಳಬೇಕಾದರೆ ನಿಮ್ಮನ್ನು ಸ್ವಲ್ಪ ಹೊತ್ತು ನಮ್ಮ ಅಡುಗೆಮನೆಯಲ್ಲಿ ಕೂರಿಸಿಕೊಳ್ಳಬೇಕಾಗುತ್ತದೆ. ಕಾಫಿ ಕುಡಿಯುತ್ತ ಕೇಳಿ.

ನಮ್ಮದು ದೊಮ್ಮಲೂರಿನ ಹಳೇ ಊರಿನೊಳಗಿನ ಮನೆ. ಅತ್ತೆ ಮದುವೆಯಾಗಿ ಬಂದಾಗ ಹಿತ್ತಿಲ ಬಾಗಿಲು ತೆಗೆದರೆ ರಾಗಿಹೊಲ ಕಾಣುತ್ತಿತ್ತಂತೆ. ನಾನು ಬರುವ ಹೊತ್ತಿಗೆ ಯಾವುದೋ ಆಫೀಸಿನ ಬೆನ್ನು ಕಾಣುತ್ತಿತ್ತು. ಬದಲಾಗದೆ ಉಳಿದದ್ದು ಅಡುಗೆಮನೆ ಒಂದೇ. ಗೋಡೆಯುದ್ದಕ್ಕೂ ಕಡಪ ಕಲ್ಲಿನ ಅರೆಗಳು, ಅವುಗಳ ಮೇಲೆ ಡಬ್ಬಗಳ ಸಾಲು, ಎಲ್ಲವೂ ಬಟಾಬಯಲು. ಫ್ಲೈಓವರ್ ಕೆಲಸ ಶುರುವಾದ ಮೇಲಂತೂ ಬೆಳಿಗ್ಗೆ ಒರೆಸಿದ ಡಬ್ಬದ ಮೇಲೆ ಸಂಜೆ ಬೆರಳಿನಿಂದ ಹೆಸರು ಬರೆಯಬಹುದಿತ್ತು. ದಿನವಿಡೀ ಶಾಲೆಯಲ್ಲಿ ಕರಿಹಲಗೆ ಒರೆಸಿ, ಮನೆಗೆ ಬಂದು ಡಬ್ಬ ಒರೆಸುವುದು ನನಗೆ ಸಾಕುಸಾಕಾಗಿತ್ತು. ಎಲ್ಲ ಅರೆಗಳಿಗೂ ಬಾಗಿಲಿರುವ ಕಬೋರ್ಡು ಮಾಡಿಸಲೇಬೇಕೆಂದು ಪಟ್ಟು ಹಿಡಿದೆ. ಅತ್ತೆ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ನಮ್ಮ ಯಜಮಾನರು "ನೀವಿಬ್ರೂ ಏನ್ ಡಿಸೈಡ್ ಮಾಡಿದ್ರೂ ನಂಗೆ ಓಕೆ" ಎಂದು ಪೇಪರಿನೊಳಗೆ ಮುಖ ಹುದುಗಿಸಿದರು. ಗಂಡಸರು ಜಾಣರಾಗುವುದು ಇಂಥ ಹೊತ್ತಿನಲ್ಲೇ.

ಇಂದಿರಾನಗರದ ಶೋರೂಮಿಗೆ ಅತ್ತೆಯನ್ನೂ ಕರೆದುಕೊಂಡು ಹೋದೆ. ಅಲ್ಲಿ ಸೀರೆಯಂಗಡಿಯ ಉಪಚಾರ. ಐವರಿ, ಕ್ರೀಮ್, ಆಫ್ ವೈಟ್ ಎಂದು ಅಲ್ಲಿನ ಸೇಲ್ಸ್ ಹುಡುಗಿ ಹರಡಿದ ತುಂಡುಗಳೆಲ್ಲ ನನ್ನ ಕಣ್ಣಿಗೆ ಒಂದೇ ಹಾಲಿನ ಬೇರೆಬೇರೆ ದಿನಗಳಂತೆ ಕಂಡವು. ಫೋರ್ಕಿಗೊಂದು ಜಾಗ, ಅದರ ತಮ್ಮನಂಥ ಚಿಕ್ಕ ಫೋರ್ಕಿಗೊಂದು ಜಾಗ; ಮುದ್ದೆ ತಿರುವುವ ಕೋಲಿಗೆ ಮಾತ್ರ ಆ ಕಬೋರ್ಡುಗಳ ಇಡೀ ಸಾಮ್ರಾಜ್ಯದಲ್ಲಿ ಒಂದು ಗೇಣು ನೆಲವಿರಲಿಲ್ಲ. ಮುಚ್ಚಿದ ಬಾಗಿಲುಗಳ ಸಾಲನ್ನು ಬಹಳ ಹೊತ್ತು ನೋಡಿ ಅತ್ತೆ ಕೇಳಿದ್ದು ಒಂದೇ ಪ್ರಶ್ನೆ.

"ಯಾವುದ್ರಾಗೆ ಏನೈತೆ ಅಂತ ಹೆಂಗಮ್ಮ ಗೊತ್ತಾಗೋದು?"

"ಓಪನ್ ಮಾಡಿ ನೋಡೋದು, ಅಜ್ಜಿ."

"ನಮ್ಮನೇಲಿ ನಾನೇ ಹುಡುಕ್ಬೇಕಾ?"

ಆಕೆ ನಕ್ಕಳು. ನಾನೂ ನಕ್ಕೆ. ಅತ್ತೆ ನಗಲಿಲ್ಲ ಎಂಬುದನ್ನು ಗಮನಿಸುವಷ್ಟು ವ್ಯವಧಾನ ನನಗಿರಲಿಲ್ಲ. ನಾನು ಕೆನೆ ಮತ್ತು ದಂತದ ನಡುವೆ ಒದ್ದಾಡುತ್ತಿದ್ದೆ.

ಕೊನೆಗೆ ಶೋರೂಮು ಬೇಡವೆಂದು ಮರ್ಫಿ ಟೌನಿನ ಬಡಗಿ ಸೆಲ್ವರಾಜ್‌ಗೆ ಕೆಲಸ ಒಪ್ಪಿಸಿದೆವು. ನಾಳೆ ಎಂದರೆ ಆಚೆನಾಡಿದ್ದು ಬರುವ ಮನುಷ್ಯ. ಅವನು ಬಂದು ಕುಯ್ದು, ಉಜ್ಜಿ, ಅಂಟಿಸಿ ಮುಗಿಸುವ ತನಕ ನಮ್ಮ ಅಡುಗೆ ನಡುಮನೆಯಲ್ಲಿ, ಸಾಮಾನು ರಟ್ಟಿನ ಪೆಟ್ಟಿಗೆಗಳಲ್ಲಿ. ಪೆಟ್ಟಿಗೆ ತುಂಬಿದವಳು ನಾನಾದ್ದರಿಂದ ಅತ್ತೆ ಒಗ್ಗರಣೆಗೆ ಎಣ್ಣೆ ಇಟ್ಟು, "ಮೆಂತ್ಯ ಎಲ್ಲಿಟ್ಟಿದ್ದೀಯಮ್ಮ?" ಎಂದು ಕೂಗುವರು, ಎಣ್ಣೆ ಹೊಗೆಯಾಡುವುದು, ನಾನು ಗೊಣಗುತ್ತ ಓಡುವೆನು. ಬರಬರುತ್ತ ಅವರು ಕೂಗುವುದನ್ನು ಬಿಟ್ಟರು. ಸಾರಿನಲ್ಲಿ ಮೆಂತ್ಯವೂ ಇರುತ್ತಿರಲಿಲ್ಲ.

ಬಾಗಿಲು ಕೂರಿಸುವ ದಿನ ಬಂತು. ಒಲೆ ಪಕ್ಕದ ಗೂಡಿನೊಳಗೆ ಬಳಿದ ವಾರ್ನಿಷ್ ಇನ್ನೂ ಹಸಿಯಾಗಿ ಗಮ್ಮೆನ್ನುತ್ತಿತ್ತು. ಶಾಲೆಗೆ ಹೊರಟವಳು ಚಪ್ಪಲಿ ಮೆಟ್ಟುತ್ತಲೇ, "ಸೆಲ್ವರಾಜ್, ಒಲೆ ಪಕ್ಕದ್ದಕ್ಕೆ ಮಾತ್ರ ಬಾಗ್ಲು ಹಾಕ್ಬೇಡಿ" ಎಂದು ಹೇಳಿ ಹೋದೆ. ಸಂಜೆ ಬಂದು ನೋಡಿದರೆ ಮಿಕ್ಕೆಲ್ಲವೂ ಅಚ್ಚುಕಟ್ಟಾಗಿ ಮುಚ್ಚಿಕೊಂಡಿವೆ, ಅದೊಂದು ಗೂಡು ಮಾತ್ರ ಬಾಯಿ ಬಿಟ್ಟುಕೊಂಡಿದೆ, ಅದರ ಬಾಗಿಲು ಗೋಡೆಗೊರಗಿದೆ. "ಅಮ್ಮಾ, ನೀವೇ ತಾನೇ ಹಾಕ್ಬೇಡಿ ಅಂದಿದ್ದು?" ಎಂದ ಸೆಲ್ವರಾಜ್. ಅವನ ತಮಿಳನ್ನು ದೂರಿ ಪ್ರಯೋಜನವಿಲ್ಲ. ತಪ್ಪು ನನ್ನ ಕನ್ನಡದ್ದೇ. ವಾರ್ನಿಷ್ ಆರಲೆಂದು ನಾನು ಮುಚ್ಚಬೇಡಿ ಎಂದದ್ದು ಅವನಿಗೆ ಕೂರಿಸಬೇಡಿ ಎಂದು ಕೇಳಿಸಿತ್ತು. ಏನು ಮಾಡುತ್ತೀರಿ ಈ 'ಹಾಕು' ಎಂಬ ಮಾತನ್ನು! ರಂಗೋಲಿ ಹಾಕುತ್ತೇವೆ, ಮಣೆ ಹಾಕುತ್ತೇವೆ, ಟೋಪಿ ಹಾಕುತ್ತೇವೆ. ಊಟ ಹಾಕುವುದೂ ಅದೇ ಮಾತು, ಅಂಗಡಿ ಬಾಗಿಲು ಹಾಕಿತೆನ್ನುವುದೂ ಅದೇ ಮಾತು. ಮಕ್ಕಳಿಗೆ ವ್ಯಾಕರಣ ಹೇಳಿಕೊಡುವ ನನಗೇ ಇದು ಹೀಗೆ ಕೈಕೊಟ್ಟಿತು.

ಬೈಯಲು ಬಾಯಿ ತೆರೆದವಳು ಗೂಡಿನತ್ತ ನೋಡಿದೆ. ವಾರ್ನಿಷ್ ಮೇಲೆ ಹಳೇ ಪೇಪರು ಹಾಸಿ, ಅತ್ತೆ ತಮ್ಮ ಡಬ್ಬಗಳನ್ನೆಲ್ಲ ಆಗಲೇ ಜೋಡಿಸಿಬಿಟ್ಟಿದ್ದರು. ರಾಗಿಹಿಟ್ಟು ಕೆಳಗೆ, ಸಾಸಿವೆ, ಮೆಂತ್ಯ, ಹುಣಸೆ ಕೈಯಳತೆಯಲ್ಲಿ, ಕೋಲು ಮೂಲೆಯಲ್ಲಿ. ನೋಡಿ ಇನ್ನಷ್ಟು ಉರಿಯಿತು. ಅಷ್ಟು ಪರದಾಡಿ ಮಾಡಿಸಿದ ಅಡುಗೆಮನೆಗೆ ಹಲ್ಲು ಬಿದ್ದ ಬಾಯಿಯಂತೆ ಇದೊಂದು ಗೂಡು! "ಭಾನುವಾರ ಬಂದು ಕೂರಿಸಿಕೊಡಿ" ಎಂದು ಅವನನ್ನು ಕಳಿಸಿದೆ.

ಭಾನುವಾರ ಸೆಲ್ವರಾಜ್ ನಿಜವಾಗಿಯೂ ಭಾನುವಾರವೇ ಬಂದ. ಅವನು ಸ್ಕ್ರೂ ಹುಡುಕುತ್ತಿದ್ದ ಹಾಗೆಯೇ ಅತ್ತೆ ಎದ್ದು, ಯಾರೂ ಹೇಳದೆ, ಡಬ್ಬಗಳನ್ನು ಒಂದೊಂದಾಗಿ ಕೆಳಗಿಳಿಸತೊಡಗಿದರು.

"ಕೂರಿಸ್ಕೊಳ್ಳಮ್ಮ. ನಿನ್ ಅಡುಗೆಮನೆ, ನಿನ್ನಿಷ್ಟ," ಎಂದರು. ಸಿಟ್ಟಿರಲಿಲ್ಲ ಆ ದನಿಯಲ್ಲಿ. "ಸಾಸಿವೆ ಎಲ್ಲಿಡ್ತೀಯ ಹೇಳ್ಬುಡು. ಬೇಕಾದಾಗ ಕೇಳಿ ಈಸ್ಕೋತೀನಿ."

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂಬ ಗಾದೆಯನ್ನು ನೆಚ್ಚಿಕೊಂಡೇ ನಾನು ಈ ಮನೆಯಲ್ಲಿ ಬಾಳಿದವಳು. 'ನಿನ್ನ ಅಡುಗೆಮನೆ' ಎಂಬ ಮಾತಿಗಾಗಿ ಎಷ್ಟು ವರ್ಷ ಕಾದಿದ್ದೆನೋ. ಅದು ಸಿಕ್ಕಿದಾಗ ಕೈಯೊಡ್ಡಿ ತೆಗೆದುಕೊಳ್ಳಲಾಗಲಿಲ್ಲ. ಬೀದಿಯವರೆಲ್ಲ ಒಂದು ಲೋಟ ಅಕ್ಕಿ, ಒಂದು ಹಿಡಿ ಬೇಳೆ ಎಂದು ಬಂದು ಈಸಿಕೊಂಡು ಹೋದದ್ದು ಈ ಅರೆಗಳಿಂದ. ಕೊಟ್ಟ ಕೈ ಅತ್ತೆಯದು. ಆ ಕೈ ಒಂದು ಚಿಟಿಕೆ ಸಾಸಿವೆಗೆ ನನ್ನನ್ನು ಕೇಳಬೇಕೆ?

"ಸೆಲ್ವರಾಜ್, ಬಾಗ್ಲು ಹಾಕ್ಬೇಡಿ."

ಅವನು ಸ್ಕ್ರೂಡ್ರೈವರ್ ಕೆಳಗಿಟ್ಟು ಕೈ ಮುಗಿದ. "ಅಮ್ಮಾ, ಈ ಸಲ ಕರೆಕ್ಟಾಗಿ ಹೇಳ್ಬಿಡಿ. ಹಾಕ್ಬೇಡಿ ಅಂದ್ರೆ ಮುಚ್ಬೇಡಿ ಅಂತಾನಾ, ಕೂರಿಸ್ಬೇಡಿ ಅಂತಾನಾ?"

"ಎರಡೂ," ಎಂದೆ.

ಇದೆಲ್ಲದರಿಂದ ನನ್ನ ಸಿಡುಕು ಕಡಿಮೆಯಾಯಿತೆಂದು ಮಾತ್ರ ತಿಳಿಯಬೇಡಿ. ಆ ಗೂಡಿನ ಧೂಳನ್ನು ಇವತ್ತಿಗೂ ಒರೆಸುವವಳು ನಾನೇ. ಬಂದವರೆಲ್ಲ "ಇದೊಂದಕ್ಕೆ ಯಾಕೆ ಡೋರ್ ಇಲ್ಲ?" ಎಂದು ಕೇಳುವವರೇ. ಸಾಲದ್ದಕ್ಕೆ, ನಾನೇ ಆರಿಸಿ ಮಾಡಿಸಿದ ಕೆನೆಬಣ್ಣದ ಬಾಗಿಲುಗಳ ಹಿಂದೆ ಏನೇನಿದೆಯೆಂದು ನನಗೇ ಮರೆತು, ಒಂದಾದ ಮೇಲೊಂದು ತೆಗೆದು ಹುಡುಕುತ್ತಿರುತ್ತೇನೆ. ಅತ್ತೆ ತಿರುಗಿಯೂ ನೋಡದೆ ಕೈಚಾಚಿ, ನಾನು ಕೇಳುವ ಮೊದಲೇ ಮೆಂತ್ಯದ ಡಬ್ಬ ಕೊಡುತ್ತಾರೆ.

ನಿನ್ನೆ ಗುಡಿಸುವಾಗ ಮತ್ತೆ ಟಕ್ ಎಂದಿತು. ಅತ್ತೆ ಒಲೆಯ ಮುಂದಿನಿಂದಲೇ ಹೇಳಿದರು: "ಎಷ್ಟು ಸಲ ಬೈಕೋತೀಯಮ್ಮ ಅದನ್ನ, ಗುಜರಿಗೆ ಹಾಕ್ಬುಡು ಅತ್ಲಾಗೆ."

ಪೊರಕೆಯಿಂದಲೇ ಅದನ್ನು ಗೋಡೆಗೆ ಸರಿಯಾಗಿ ಒರಗಿಸುತ್ತ ಅಂದೆ, "ಅದೊಂದನ್ನ ಎಲ್ಲೂ ಹಾಕಲ್ಲ ಬಿಡಿ, ಅತ್ತೆ."